ಬರ್ತಾ ಬೆಂಜ್: ಮೊದಲ ಕಾರನ್ನು ಊರಾಚೆ ಓಡಿಸಿದ ತಾಯಿ

ಕಾರನ್ನು ಕಂಡುಹಿಡಿದವರು ಯಾರು ಎಂದು ಕ್ವಿಜ್‌ನಲ್ಲಿ ಕೇಳಿದರೆ ನಾವೆಲ್ಲ ಕಾರ್ಲ್ ಬೆಂಜ್ ಎಂದು ಬರೆದು ಅಂಕ ಪಡೆಯುತ್ತೇವೆ. ಆ ಉತ್ತರ ತಪ್ಪಲ್ಲ. ಆದರೆ ಆ ಕಾರಿನ ಹಿಂದೆ ಯಾರ ಹಣ ಇತ್ತು, ಅದು ಊರಿಂದ ಊರಿಗೆ ಹೋಗಬಲ್ಲದು ಎಂದು ತೋರಿಸಿದವರು ಯಾರು ಎಂದು ಕೇಳಿದರೆ ಬೇರೆ ಹೆಸರು ಬರೆಯಬೇಕಾಗುತ್ತದೆ. ಅದು ಕಾರ್ಲ್ ಅವರ ಹೆಂಡತಿ ಬರ್ತಾ ಬೆಂಜ್ ಅವರ ಹೆಸರು.

ಬರ್ತಾ 1849ರ ಮೇ 3ರಂದು ಜರ್ಮನಿಯ ಫೋರ್ಟ್ಸ್‌ಹೈಮ್ ಎಂಬ ಊರಿನಲ್ಲಿ ಹುಟ್ಟಿದರು. ತಂದೆ ಕಟ್ಟಡದ ಕೆಲಸದಲ್ಲಿ ಚೆನ್ನಾಗಿ ಸಂಪಾದಿಸಿದ್ದವರು. ಮತ್ತೆ ಹೆಣ್ಣೇ ಹುಟ್ಟಿತಲ್ಲ ಎಂದು ಅವರು ಬೇಸರದಿಂದ ಮನೆಯ ಬೈಬಲ್‌ನಲ್ಲಿ ಬರೆದಿಟ್ಟಿದ್ದರಂತೆ. ಅದನ್ನು ಬರ್ತಾ ಚಿಕ್ಕವರಿದ್ದಾಗ ಓದಿ ತುಂಬ ನೊಂದುಕೊಂಡರು ಎಂದು ಹೇಳುತ್ತಾರೆ.

ಮುಂದೆ ಅವರಿಗೆ ಕಾರ್ಲ್ ಬೆಂಜ್ ಎಂಬ ಬಡ ಎಂಜಿನಿಯರ್ ಜೊತೆ ನಿಶ್ಚಿತಾರ್ಥವಾಯಿತು. ಕಾರ್ಲ್ 1871ರಲ್ಲಿ ಮ್ಯಾನ್‌ಹೈಮ್ ನಗರದಲ್ಲಿ ಆಗಸ್ಟ್ ರಿಟರ್ ಎಂಬವರ ಜೊತೆ ಪಾಲುದಾರಿಕೆಯಲ್ಲಿ ಒಂದು ವರ್ಕ್‌ಶಾಪ್ ತೆರೆದಿದ್ದರು. ಪಾಲುದಾರ ನಂಬಿಕೆಗೆ ತಕ್ಕವನಾಗಿರಲಿಲ್ಲ. ವರ್ಕ್‌ಶಾಪ್ ಮುಳುಗುವ ಹಾಗಾಯಿತು. ಆಗ ಬರ್ತಾ, ಮದುವೆಯಲ್ಲಿ ತಮಗೆ ಬರಬೇಕಿದ್ದ ವರದಕ್ಷಿಣೆಯ ಹಣವನ್ನು ತಂದೆಯಿಂದ ಮೊದಲೇ ಕೇಳಿ ಪಡೆದರು. ಅದರಿಂದ ರಿಟರ್ ಪಾಲನ್ನು ಕೊಟ್ಟು ಆತನನ್ನು ಹೊರಗೆ ಕಳುಹಿಸಲಾಯಿತು. ನಮ್ಮ ದ್ವಿತೀಯ ಪಿಯುಸಿ ಲೆಕ್ಕಶಾಸ್ತ್ರದಲ್ಲಿ ಪಾಲುದಾರನ ನಿವೃತ್ತಿ ಎಂಬ ಅಧ್ಯಾಯ ಇದೆಯಲ್ಲ, ಅದೇ ಲೆಕ್ಕ. ನಾವು ಆ ಲೆಕ್ಕ ಮಾಡುವಾಗ ಹಣ ತಂದವರ ಹೆಸರಿನಲ್ಲಿ ಒಂದು ಬಂಡವಾಳ ಖಾತೆ ತೆರೆಯುತ್ತೇವೆ. ಬರ್ತಾ ಅವರ ವಿಷಯದಲ್ಲಿ ಅದು ಆಗಲಿಲ್ಲ. 1872ರ ಜುಲೈನಲ್ಲಿ ಮದುವೆಯಾಯಿತು. ಆಗಿನ ಅಲ್ಲಿಯ ಕಾನೂನಿನಲ್ಲಿ ಮದುವೆಯಾದ ಹೆಂಗಸು ತನ್ನ ಹೆಸರಿನಲ್ಲಿ ವ್ಯವಹಾರ ಮಾಡುವ ಹಾಗಿರಲಿಲ್ಲ. ಮದುವೆಗೆ ಮೊದಲು ಹಣ ಹಾಕಬಲ್ಲವರಾಗಿದ್ದ ಬರ್ತಾ, ಮದುವೆಯ ನಂತರ ಕಾಗದದ ಮೇಲೆ ಯಾರೂ ಅಲ್ಲದವರಾದರು.

ಅನಂತರ ಹಲವು ವರ್ಷ ಕಷ್ಟದಲ್ಲೇ ಕಳೆದವು. ಮಕ್ಕಳಾದರು, ಕೈಯಲ್ಲಿ ಹಣ ನಿಲ್ಲುತ್ತಿರಲಿಲ್ಲ. 1879ರ ಕೊನೆಯ ರಾತ್ರಿ, ಊಟವಾದ ಮೇಲೆ, ಇನ್ನೊಂದು ಸಲ ಎಂಜಿನ್ ಪ್ರಯತ್ನಿಸೋಣ ಎಂದು ಗಂಡನನ್ನು ವರ್ಕ್‌ಶಾಪಿಗೆ ಕರೆದುಕೊಂಡು ಹೋದವರು ಬರ್ತಾ. ಆ ರಾತ್ರಿ ಎಂಜಿನ್ ನಿಲ್ಲದೆ ಓಡಿತು. 1886ರ ಜನವರಿ 29ರಂದು ಮೂರು ಚಕ್ರದ ಮೋಟಾರು ಗಾಡಿಗೆ ಪೇಟೆಂಟ್ ಅರ್ಜಿ ಹಾಕಿದ್ದು ಕಾರ್ಲ್ ಹೆಸರಿನಲ್ಲಿ ಮಾತ್ರ.

ಗಾಡಿ ಸಿದ್ಧವಾಯಿತು, ಕೊಳ್ಳುವವರು ಬರಲಿಲ್ಲ. ಊರೊಳಗೆ ಸ್ವಲ್ಪ ದೂರ ಓಡಿಸಿ ತೋರಿಸಿದರೆ ಜನ ನೋಡಿ ನಕ್ಕು ಹೋಗುತ್ತಿದ್ದರು. ಕಾರ್ಲ್ ಎಚ್ಚರಿಕೆಯ ಮನುಷ್ಯ, ಇನ್ನೂ ಸರಿಮಾಡಬೇಕು ಎನ್ನುತ್ತಲೇ ಇದ್ದರು. 1888ರ ಆಗಸ್ಟ್ ತಿಂಗಳ ಒಂದು ಬೆಳಗಿನ ಜಾವ ಬರ್ತಾ ಗಂಡನಿಗೆ ಹೇಳದೆ, ಮಕ್ಕಳಾದ 15 ವರ್ಷದ ಓಯ್ಗನ್ ಮತ್ತು 13 ವರ್ಷದ ರಿಚರ್ಡ್ ಅವರನ್ನು ಕರೆದುಕೊಂಡು ಆ ಗಾಡಿಯಲ್ಲಿ ಹೊರಟೇಬಿಟ್ಟರು. ಹೋಗಬೇಕಾದದ್ದು ಸುಮಾರು 100 ಕಿಲೋಮೀಟರ್ ದೂರದ ತವರೂರು ಫೋರ್ಟ್ಸ್‌ಹೈಮ್‌ಗೆ. ತಾಯಿಮನೆಗೆ ಹೋಗುತ್ತಿದ್ದೇವೆ ಎಂದು ಒಂದು ಚೀಟಿ ಬರೆದಿಟ್ಟಿದ್ದರು.

ಆ ಗಾಡಿಗೆ ಈಗಿನ ಹಾಗೆ ಪ್ರತ್ಯೇಕ ಪೆಟ್ರೋಲ್ ಟ್ಯಾಂಕು ಇರಲಿಲ್ಲ. ಕಾರ್ಬುರೇಟರೇ ಒಂದು ಪಾತ್ರೆ. ಅದರಲ್ಲಿ ಸುಮಾರು ನಾಲ್ಕೂವರೆ ಲೀಟರ್ ಇಂಧನ ಹಿಡಿಯುತ್ತಿತ್ತು. ಎಂಜಿನ್ ಎಳೆದುಕೊಳ್ಳುವ ಗಾಳಿ ಆ ಇಂಧನದ ಆವಿಯನ್ನು ಹೊತ್ತುಕೊಂಡು ಒಳಗೆ ಹೋಗುತ್ತಿತ್ತು. ನಾಲ್ಕೂವರೆ ಲೀಟರ್ ಅಷ್ಟು ದೂರಕ್ಕೆ ಎಲ್ಲಿ ಸಾಕು? ಪೆಟ್ರೋಲ್ ಬಂಕ್ ಎಂಬುದು ಜಗತ್ತಿನಲ್ಲೇ ಇರಲಿಲ್ಲ. ವೀಸ್‌ಲೋಖ್ ಎಂಬ ಊರಿನಲ್ಲಿ ಬರ್ತಾ ಔಷಧಿ ಅಂಗಡಿಗೆ ಹೋಗಿ, ಬಟ್ಟೆಯ ಕಲೆ ತೆಗೆಯಲು ಮಾರುತ್ತಿದ್ದ ಲಿಗ್ರೋಯಿನ್ ಎಂಬ ದ್ರವವನ್ನು ಕೊಂಡು ತುಂಬಿಸಿದರು. ಆ ಅಂಗಡಿಯನ್ನು ಇಂದು ಜಗತ್ತಿನ ಮೊದಲ ಪೆಟ್ರೋಲ್ ಬಂಕ್ ಎಂದು ಕರೆಯುತ್ತಾರೆ.

ದಾರಿಯಲ್ಲಿ ಇಂಧನದ ಪೈಪು ಕಟ್ಟಿಕೊಂಡಿತು. ಬರ್ತಾ ತಮ್ಮ ಟೋಪಿಗೆ ಸಿಕ್ಕಿಸಿದ್ದ ಉದ್ದ ಪಿನ್ನು ತೆಗೆದು ಪೈಪಿನೊಳಗೆ ಚುಚ್ಚಿ ಕಸ ತೆಗೆದರು. ಗಾಡಿ ಮತ್ತೆ ಓಡಿತು.

ಈ ಪೈಪಿನ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು, ಏಕೆಂದರೆ ಇಂಧನದ ದಾರಿಯ ಕಾಟ ಕಾರುಗಳನ್ನು ಮುಂದೆಯೂ ಬಿಡಲಿಲ್ಲ. ನಂತರ ಬಂದ ಕಾರುಗಳಲ್ಲಿ ಟ್ಯಾಂಕು ಹಿಂದೆ, ಎಂಜಿನ್ ಮುಂದೆ. ಎಂಜಿನ್ ಪಕ್ಕದ ಪಂಪು ಪೆಟ್ರೋಲನ್ನು ಎಳೆದು ಕಾರ್ಬುರೇಟರಿಗೆ ಕೊಡುತ್ತದೆ. ಕಾರ್ಬುರೇಟರಿನ ಬಟ್ಟಲು ತುಂಬಿದ ಕೂಡಲೇ ಅದರ ಸೂಜಿ ಬಾಯಿ ಮುಚ್ಚುತ್ತದೆ. ಆಗ ಪೈಪಿನಲ್ಲಿ ಉಳಿದ ಪೆಟ್ರೋಲು ಬಿಸಿ ಎಂಜಿನ್ ಪಕ್ಕದಲ್ಲೇ ನಿಂತು ಕುದಿದು ಆವಿಯಾಗುತ್ತದೆ. ಪಂಪಿಗೆ ದ್ರವವನ್ನು ತಳ್ಳಲು ಬರುತ್ತದೆ, ಆವಿಯನ್ನು ತಳ್ಳಲು ಬರುವುದಿಲ್ಲ. ಬೇಸಿಗೆಯಲ್ಲಿ ಕಾರು ನಡುದಾರಿಯಲ್ಲಿ ನಿಂತುಬಿಡುತ್ತದೆ. ಬರ್ತಾ ಅವರ ಗಾಡಿಗೆ ಆವಿಯೇ ಬೇಕಿತ್ತು, ಈ ಕಾರುಗಳಿಗೆ ಅದೇ ಆವಿ ಬೇಡದ ಜಾಗದಲ್ಲಿ ಹುಟ್ಟಿತು. ಇದಕ್ಕೆ ಕಂಡುಕೊಂಡ ಉಪಾಯವೇ ರಿಟರ್ನ್ ಪೈಪು. ಕಾರ್ಬುರೇಟರಿಗೆ ಮೊದಲು ಒಂದು ಕವಲು ತೆಗೆದು, ತೆಳ್ಳಗಿನ ಪೈಪಿನಲ್ಲಿ ಹೆಚ್ಚಾದ ಪೆಟ್ರೋಲನ್ನು ಟ್ಯಾಂಕಿಗೆ ವಾಪಸ್ ಕಳುಹಿಸುತ್ತಾರೆ. ಪೆಟ್ರೋಲು ಒಂದೇ ಕಡೆ ನಿಲ್ಲದೆ ಸುತ್ತುತ್ತಿರುತ್ತದೆ, ಆವಿಯನ್ನೂ ಬಿಸಿಯನ್ನೂ ಜೊತೆಗೆ ಕೊಂಡೊಯ್ಯುತ್ತದೆ. ಕವಲಿನ ತೂತು ಮಾತ್ರ ತೀರ ಚಿಕ್ಕದಿರಬೇಕು. ದೊಡ್ಡದಾದರೆ ಎಲ್ಲ ಪೆಟ್ರೋಲೂ ವಾಪಸ್ ಹೋಗಿ ಎಂಜಿನ್ ಹಸಿದು ನಿಲ್ಲುತ್ತದೆ.

ಮತ್ತೆ 1888ರ ರಸ್ತೆಗೆ ಬರೋಣ. ಕರೆಂಟಿನ ತಂತಿ ಸವೆದು ತೊಂದರೆಯಾದಾಗ ಬರ್ತಾ ತಮ್ಮ ಕಾಲುಚೀಲ ಜಾರದಂತೆ ಕಟ್ಟುವ ಪಟ್ಟಿಯನ್ನೇ ಬಿಚ್ಚಿ ಅದಕ್ಕೆ ಸುತ್ತಿದರು. ಚೈನು ಸರಿಮಾಡಲು ಕಮ್ಮಾರನ ಬಳಿ ನಿಂತರು. ಎಂಜಿನ್ ತಣಿಸಲು ಸಿಕ್ಕಲ್ಲೆಲ್ಲ ನೀರು ತುಂಬಿಸಿದರು. ಏರು ಬಂದಾಗ ಇಳಿದು ತಳ್ಳಬೇಕಾಯಿತು. ಇಳಿಜಾರಿನಲ್ಲಿ ಮರದ ಬ್ರೇಕು ಸವೆದಾಗ ಚಪ್ಪಲಿ ಹೊಲಿಯುವವರಿಂದ ಅದಕ್ಕೆ ಚರ್ಮ ಹಾಕಿಸಿದರು. ಬ್ರೇಕ್ ಲೈನಿಂಗ್ ಹುಟ್ಟಿದ್ದು ಹೀಗೆ. ಕತ್ತಲಾಗುವ ಹೊತ್ತಿಗೆ ತವರು ಸೇರಿ ಗಂಡನಿಗೆ ಟೆಲಿಗ್ರಾಂ ಕಳುಹಿಸಿದರು. ಕೆಲವು ದಿನಗಳ ನಂತರ ಅದೇ ಗಾಡಿಯಲ್ಲಿ ವಾಪಸ್ ಬಂದರು.

ಬಂದವರು ಸುಮ್ಮನೆ ಕೂರಲಿಲ್ಲ, ಏನೇನು ಕೆಟ್ಟಿತು ಎಂದು ಗಂಡನಿಗೆ ವಿವರವಾಗಿ ಹೇಳಿದರು. ಏರು ಹತ್ತಲು ಇನ್ನೊಂದು ಗೇರು ಸೇರಿಕೊಂಡಿತು. ಮರುತಿಂಗಳು ಮ್ಯೂನಿಕ್ ನಗರದ ಪ್ರದರ್ಶನದಲ್ಲಿ ಗಾಡಿಗೆ ಚಿನ್ನದ ಪದಕ ಸಿಕ್ಕಿತು. ನಿಧಾನವಾಗಿ ಮಾರಾಟವೂ ಶುರುವಾಯಿತು. ಹತ್ತಾರು ವರ್ಷಗಳ ಪ್ರಯೋಗಾಲಯದ ಕೆಲಸಕ್ಕಿಂತ ಈ ಒಂದು ದಿನದ ಪ್ರಯಾಣ ಕಾರಿನ ತಪ್ಪುಗಳನ್ನು ಹೆಚ್ಚು ಚೆನ್ನಾಗಿ ತೋರಿಸಿತು ಎಂದು ನನಗೆ ಅನಿಸುತ್ತದೆ.

ಕಾರ್ಲ್ 1925ರಲ್ಲಿ ತಮ್ಮ ಆತ್ಮಕಥೆ ಪ್ರಕಟಿಸಿದಾಗ, ಎಲ್ಲ ಮುಳುಗುವಂತಿದ್ದ ದಿನಗಳಲ್ಲಿ ತಮ್ಮ ಜೊತೆ ನಿಂತವರು ಹೆಂಡತಿ ಒಬ್ಬರೇ ಎಂದು ಒಪ್ಪಿಕೊಂಡರು. 1929ರಲ್ಲಿ ಅವರು ತೀರಿಕೊಂಡರು. ಬರ್ತಾ ಲಾಡೆನ್‌ಬರ್ಗ್‌ನ ಮನೆಯಲ್ಲೇ ಉಳಿದರು. ಕಾರ್ಲ್ಸ್‌ರೂಹೆಯ ತಾಂತ್ರಿಕ ವಿಶ್ವವಿದ್ಯಾಲಯ ಕಾರ್ಲ್ ಅವರಿಗೆ 1914ರಲ್ಲೇ ಗೌರವ ಡಾಕ್ಟರೇಟ್ ಕೊಟ್ಟಿತ್ತು. ಬರ್ತಾ ಅವರನ್ನು ಗೌರವ ಸೆನೆಟರ್ ಎಂದು ಅದೇ ಸಂಸ್ಥೆ ಗೌರವಿಸಿದ್ದು 30 ವರ್ಷ ಕಳೆದು, 1944ರಲ್ಲಿ, ಅವರ 95ನೆಯ ಹುಟ್ಟುಹಬ್ಬಕ್ಕೆ. ಅದಾದ ಎರಡು ದಿನಕ್ಕೆ, ಮೇ 5ರಂದು, ಬರ್ತಾ ತೀರಿಕೊಂಡರು.