ಡೇರೆಯೇ ಮನೆ, ಬಯಲೇ ಅಂಗಳ: ಭೂಮಿ ಅಳೆದ ಲ್ಯಾಂಬ್ಟನ್

ಎವರೆಸ್ಟ್ ಅನ್ನೋ ಹೆಸರು ಗೊತ್ತಿಲ್ಲದವರು ನಮ್ಮ ಕಾಲೇಜಿನಲ್ಲಿ ಯಾರೂ ಇರಲಿಕ್ಕಿಲ್ಲ. ಆದರೆ ಆ ಎವರೆಸ್ಟ್ ಸಾಹೇಬ ಯಾರ ಕೈಕೆಳಗೆ ಕೆಲಸ ಕಲಿತ ಅಂತ ಕೇಳಿದರೆ ಸಿವಿಲ್ ಬ್ರಾಂಚಿನ ಗೆಳೆಯರೂ ಒಂದು ಗಳಿಗೆ ತಲೆ ಕೆರೆದುಕೊಳ್ತಾರೆ. ಆತನ ಹೆಸರು ವಿಲಿಯಂ ಲ್ಯಾಂಬ್ಟನ್. ಭಾರತದ ಮಹಾ ತ್ರಿಕೋನಮಿತಿ ಸರ್ವೇ ಶುರು ಮಾಡಿದವನು. ಇಪ್ಪತ್ತಕ್ಕೂ ಹೆಚ್ಚು ವರ್ಷ ಡೇರೆಗಳಲ್ಲಿ ಬಾಳಿ, ಒಂದು ಬಿಡಾರದಿಂದ ಇನ್ನೊಂದಕ್ಕೆ ಹೋಗುವ ದಾರಿಯಲ್ಲೇ ಸತ್ತವನು.

ಈ ಸಂಚಿಕೆಗೆ ನಾವು ಆತನ ಕತೆ ಆರಿಸಿಕೊಂಡದ್ದಕ್ಕೆ ಎರಡು ಕಾರಣ. ಒಂದು, ಆ ಕತೆಗೂ ನಮ್ಮ ಮಳವಳ್ಳಿ, ಶ್ರೀರಂಗಪಟ್ಟಣಕ್ಕೂ ನಂಟಿದೆ. ಇನ್ನೊಂದು, ರಜೆ ಬಂತು ಅಂದ್ರೆ ಟೆಂಟ್ ಹೆಗಲಿಗೆ ಹಾಕ್ಕೊಂಡು, ಕಾಸು ಕೊಡದೆ ಎಲ್ಲಾದ್ರೂ ಬಯಲಲ್ಲಿ ಮಲಗಿ ಬರೋಣ ಅಂತ ಹೊರಡೋ ನಮ್ಮಂಥವರು ಆತನ ಬದುಕಿನಿಂದ ತಿಳಿಯಬೇಕಾದದ್ದು ಬಹಳ ಇದೆ.

ಮೊದಲು ಆ ಬಯಲಿನ ಮಾತು. ಹೆದ್ದಾರಿಯಲ್ಲಿ ಮದ್ದೂರು ದಾಟಿ ಮಂಡ್ಯದ ಕಡೆ ಬಂದರೆ ಗೆಜ್ಜಲಗೆರೆ ಸಿಗುತ್ತೆ. ಇವತ್ತು ಅಲ್ಲಿ ಮನ್‌ಮುಲ್ ಡೇರಿ ಇದೆ, ಕೈಗಾರಿಕಾ ಪ್ರದೇಶ ಇದೆ, ಸುತ್ತ ಕಬ್ಬು, ಭತ್ತ. ಬೆಂಗಳೂರು–ಮೈಸೂರು ದಶಪಥ ರಸ್ತೆ ಉದ್ಘಾಟನೆಯಾದ 2023ರ ಮಾರ್ಚ್ 12ರ ದೊಡ್ಡ ಸಭೆ ನಡೆದದ್ದೂ ಅಲ್ಲೇ. ಇಂಥ ಕಡೆ ಒಂದು ಸಣ್ಣ ಡೇರೆ ಹೊಡೆಯೋಣ ಅಂದ್ರೆ ಗೂಟ ನೆಟ್ಟ ಕಡೆಯೆಲ್ಲ ಯಾರದೋ ಗದ್ದೆ, ಇಲ್ಲಾ ಯಾರದೋ ಕಾಂಪೌಂಡು.

ಇನ್ನೂರು ವರ್ಷದ ಹಿಂದೆ ಹೀಗಿರಲಿಲ್ಲ. ಕನ್ನಂಬಾಡಿ ಕಟ್ಟೆ ಇಲ್ಲ, ವಿಶ್ವೇಶ್ವರಯ್ಯ ನಾಲೆ ಇಲ್ಲ. ಕೆರೆ ಕೆಳಗಿನ ತುಂಡು ಗದ್ದೆ ಬಿಟ್ಟರೆ ಉಳಿದದ್ದೆಲ್ಲ ರಾಗಿ, ಹುರುಳಿಯ ಬೆದ್ದಲು, ಕುರುಚಲು ಗಿಡ, ಕಲ್ಲುಬಂಡೆ. ಮರುಭೂಮಿ ಅಲ್ಲ, ಆದರೆ ಬೇಸಿಗೆಯಲ್ಲಿ ಅದರ ತಂಗಿ. ಊರಾಚೆ ದನ ಮೇಯೋಕೆ ಗೋಮಾಳ, ನೆರಳಿಗೆ ಗುಂಡುತೋಪು. ದೂರದಿಂದ ಗಾಡಿ ಹೊಡ್ಕೊಂಡು ಬಂದವರು ತೋಪಿನಲ್ಲಿ ಎತ್ತು ಬಿಚ್ಚಿ, ಮೂರು ಕಲ್ಲು ಹೂಡಿ ಮುದ್ದೆ ಬೇಯಿಸಿ ಉಂಡು, ರಾತ್ರಿ ಕಳೆದು, ಕೋಳಿ ಕೂಗೋ ಹೊತ್ತಿಗೆ ಹೊರಡ್ತಿದ್ರು. ಬಾಡಿಗೆ ಇಲ್ಲ, ಚೀಟಿ ಇಲ್ಲ. ನೀರು ಕೆರೆಯದ್ದು, ಸೌದೆ ನೆಲಕ್ಕೆ ಬಿದ್ದದ್ದು. ಲ್ಯಾಂಬ್ಟನ್ ಬಂದದ್ದು ಇಂಥ ನಾಡಿಗೆ.

ಆತ ಹುಟ್ಟಿದ್ದು ಇಂಗ್ಲೆಂಡಿನ ಯಾರ್ಕ್‌ಶೈರಿನ ಒಂದು ಬಡ ಬೇಸಾಯದ ಮನೆಯಲ್ಲಿ. ಗಣಿತದಲ್ಲಿ ಚುರುಕು. ಹೊಟ್ಟೆಪಾಡಿಗೆ ಸೈನ್ಯ ಸೇರಿ ಅಮೆರಿಕಕ್ಕೆ ಹೋದ. ಈಗಿನ ಕೆನಡಾದ ನ್ಯೂ ಬ್ರನ್ಸ್‌ವಿಕ್‌ನಲ್ಲಿ ಹೆಚ್ಚುಕಡಿಮೆ ಹದಿಮೂರು ವರ್ಷ ಸೈನಿಕರ ವಸತಿ ನೋಡಿಕೊಳ್ಳೋ ಕೆಲಸ, ಜೊತೆಗೆ ಒಂದಿಷ್ಟು ಸರ್ವೇ. ಬಿಡುವಿದ್ದಾಗಲೆಲ್ಲ ಗಣಿತದ ಪುಸ್ತಕ. ಸೂರ್ಯಗ್ರಹಣ ನೋಡಲು ಹೋಗಿ ಒಂದು ಕಣ್ಣಿನ ದೃಷ್ಟಿಗೆ ಪೆಟ್ಟಾದದ್ದೂ ಆ ದಿನಗಳಲ್ಲೇ. ಮುಂದೆ ಜೀವನಪೂರ್ತಿ ದುರ್ಬೀನಿಗೆ ಕಣ್ಣಿಟ್ಟು ಕೂರಬೇಕಾದವನಿಗೆ ಇದು ಸಣ್ಣ ಪೆಟ್ಟಲ್ಲ. ನಲವತ್ತು ದಾಟಿದ ಮೇಲೆ, ತನ್ನ 33ನೇ ರೆಜಿಮೆಂಟಿನ ಜೊತೆ ಭಾರತಕ್ಕೆ ಬಂದ. ಆ ರೆಜಿಮೆಂಟಿನ ಕರ್ನಲ್ ಆರ್ಥರ್ ವೆಲ್ಲೆಸ್ಲಿ, ಮುಂದೆ ನೆಪೋಲಿಯನ್ನನನ್ನು ವಾಟರ್ಲೂನಲ್ಲಿ ಸೋಲಿಸಿದವನು.

1799. ಟಿಪ್ಪು ಸುಲ್ತಾನನ ಮೇಲೆ ಕಂಪನಿಯ ಕೊನೆಯ ಯುದ್ಧ. ಮಾರ್ಚ್ 27ರಂದು ಮಳವಳ್ಳಿಯ ಬಳಿ ಕಾಳಗ ನಡೀತು. ಜನರಲ್ ಬೇರ್ಡ್‌ನ ಬ್ರಿಗೇಡಿನ ಅಧಿಕಾರಿಯಾಗಿ ಲ್ಯಾಂಬ್ಟನ್ ಆ ದಂಡಯಾತ್ರೆಯಲ್ಲಿದ್ದ. ಅದೂ ಒಂದು ಬಗೆಯ ಬಿಡಾರವೇ, ಆದರೆ ಸಾವಿರಾರು ಸೈನಿಕರ, ಲಕ್ಷಕ್ಕೆ ಹತ್ತಿರದ ಎತ್ತುಗಳ ಬಿಡಾರ. ಅಷ್ಟು ದೊಡ್ಡ ದಂಡು ಒಂದು ಊರಿನ ಬಯಲಲ್ಲಿ ಒಂದು ರಾತ್ರಿ ಇಳಿದು ಹೋದರೆ ಅಲ್ಲಿ ಹುಲ್ಲೂ ಉಳಿಯಲ್ಲ, ನೀರೂ ಉಳಿಯಲ್ಲ. ಅದಕ್ಕೇ ಟಿಪ್ಪು ಅವರು ಬರೋ ದಾರಿಯ ಮೇವಿಗೆ ಮೊದಲೇ ಬೆಂಕಿ ಹಾಕಿಸಿದ್ದ. ಯಾರದೂ ಅಲ್ಲ ಅಂತ ಬಂದವರಿಗೆ ಕಾಣೋ ಬಯಲು, ಅಲ್ಲಿನ ದನಕ್ಕೂ ದನ ಕಾಯೋ ಹುಡುಗನಿಗೂ ಇಡೀ ಬೇಸಿಗೆಯ ಆಸರೆ. ಎರಡು ಸೈನ್ಯಗಳ ನಡುವೆ ಅದು ಬರಿದಾಯ್ತು.

ಏಪ್ರಿಲ್ ಮೊದಲ ವಾರ, ಶ್ರೀರಂಗಪಟ್ಟಣದ ಹತ್ತಿರ, ಒಂದು ರಾತ್ರಿ ಬೇರ್ಡ್‌ನ ತುಕಡಿ ಕತ್ತಲಲ್ಲಿ ದಾರಿ ತಪ್ಪಿತು. ಶಿಬಿರಕ್ಕೆ ಮರಳಲು ದಕ್ಷಿಣಕ್ಕೆ ಹೋಗಬೇಕು. ಲ್ಯಾಂಬ್ಟನ್ ತಲೆಯೆತ್ತಿ ನಕ್ಷತ್ರ ನೋಡಿದ. ಇವರು ಹೋಗ್ತಿದ್ದದ್ದು ಉತ್ತರಕ್ಕೆ, ನೇರ ಶತ್ರುವಿನ ಕಡೆಗೆ! ಜನರಲ್‌ಗೆ ಹೇಳಿದರೆ ಆತನಿಗೆ ಮೊದಲು ನಂಬಿಕೆ ಬರಲಿಲ್ಲ. ಕೊನೆಗೆ ದಿಕ್ಸೂಚಿ ಹೊರಗೆ ತೆಗೆದು ನೋಡಿದಾಗ ನಕ್ಷತ್ರ ಹೇಳಿದ್ದೇ ನಿಜ ಅಂತಾಯ್ತು. ತುಕಡಿ ತಿರುಗಿತು, ಜೀವ ಉಳೀತು.

ಮೇ 4ರಂದು ಶ್ರೀರಂಗಪಟ್ಟಣ ಬಿತ್ತು. ಗೆದ್ದ ನಾಡನ್ನು ಅರಿಯಲು ಕಂಪನಿ ಮೂವರನ್ನು ಹೊರಡಿಸಿತು. ಬೆಳೆ, ಜನ, ಕಸುಬು ನೋಡಲು ಫ್ರಾನ್ಸಿಸ್ ಬುಕನನ್. ಆತ 1800ರಲ್ಲಿ ಮದ್ದೂರು, ಮಂಡ್ಯದ ಮೇಲೇ ಹಾದುಹೋದ. ಊರು, ಕೆರೆ, ಗಡಿ ಗುರುತಿಸಲು ಕಾಲಿನ್ ಮೆಕೆಂಜಿ. ಮೂರನೆಯವನೇ ಲ್ಯಾಂಬ್ಟನ್. ಆತ ತಾನಾಗಿಯೇ ಮುಂದಿಟ್ಟ ಯೋಜನೆ ವಿಚಿತ್ರವಾಗಿತ್ತು. ಪೂರ್ವದ ಕಡಲಿನಿಂದ ಪಶ್ಚಿಮದ ಕಡಲಿನವರೆಗೆ ತ್ರಿಕೋನಗಳ ಸರಪಣಿ ಹೆಣೀತೀನಿ, ಅದರಿಂದ ನಕ್ಷೆಯೂ ನೆಟ್ಟಗಾಗುತ್ತೆ, ಭೂಮಿಯ ಆಕಾರವೂ ತಿಳಿಯುತ್ತೆ ಅನ್ನೋದು ಆತನ ವಾದ. ಮರುವರ್ಷ ಒಪ್ಪಿಗೆ ಸಿಕ್ಕಿತು. ಅಲ್ಲಿಂದ ಮುಂದೆ ಡೇರೆಯೇ ಆತನ ಮನೆ.

ಸರ್ವೇಯಿಂಗ್ ಲ್ಯಾಬ್ ಮುಗಿಸಿದವರಿಗೆ ಕೆಲಸದ ಬಗೆ ಗೊತ್ತೇ ಇದೆ. ಒಂದು ಗೆರೆಯನ್ನು ನೆಲದ ಮೇಲೆ ಕರಾರುವಾಕ್ಕಾಗಿ ಅಳೀಬೇಕು, ಆಮೇಲೆ ಬರೀ ಕೋನ ಅಳೆದು ತ್ರಿಕೋನದ ಮೇಲೆ ತ್ರಿಕೋನ ಕಟ್ಕೊಂಡು ಹೋಗಬೇಕು. ಲ್ಯಾಂಬ್ಟನ್ನನ ಸರಪಳಿ ನೂರು ಅಡಿಯದ್ದು. ಎರಡೂವರೆ ಅಡಿಯ 40 ಉಕ್ಕಿನ ಸಲಾಕೆಗಳ ಜೋಡಣೆ. ಅದನ್ನು ಮರದ ಪೆಟ್ಟಿಗೆಗಳಲ್ಲಿ ನೇರವಾಗಿ ಮಲಗಿಸಿ, ಪಕ್ಕದಲ್ಲಿ ಥರ್ಮಾಮೀಟರ್ ಇಟ್ಟು ಅಳೀತಿದ್ರು. 1802ರ ಏಪ್ರಿಲ್–ಮೇ ತಿಂಗಳಲ್ಲಿ ಮದ್ರಾಸಿನ ಸೇಂಟ್ ಥಾಮಸ್ ಮೌಂಟ್ ಬಳಿ ಏಳೂವರೆ ಮೈಲಿ ಗೆರೆಯನ್ನು ಹೀಗೇ ಸುಮಾರು 400 ಸಲ ಸರಪಳಿ ಹಾಸಿ ಅಳೆದರು. ಅದೂ ಆ ಬಿಸಿಲಲ್ಲಿ! ನಾವು ಲೆಕ್ಕ ಹಾಕಿ ನೋಡಿದ್ವಿ. ಉಕ್ಕಿನ ಬಿಸಿಯನ್ನು ಒಂದೇ ಒಂದು ಡಿಗ್ರಿ ಸೆಲ್ಸಿಯಸ್ ತಪ್ಪಾಗಿ ಓದಿದರೂ 400 ಹಾಸಿಗೆ ಐದು ಇಂಚಿಗಿಂತ ಹೆಚ್ಚು ವ್ಯತ್ಯಾಸ ಬೀಳುತ್ತೆ. ಎರಡು ವರ್ಷ ಬಿಟ್ಟು 1804ರಲ್ಲಿ, ಬೆಂಗಳೂರಿನ ಬಳಿ ಆತನ ಸಹಾಯಕ ವಾರನ್ ಇನ್ನೊಂದು ಗೆರೆ ಅಳೆದ. ಮದ್ರಾಸಿನಿಂದ ತ್ರಿಕೋನ ಕಟ್ಕೊಂಡು ಬಂದು ಹಾಕಿದ ಲೆಕ್ಕಕ್ಕೂ ನೆಲದ ಮೇಲಿನ ಅಳತೆಗೂ ಬಂದ ವ್ಯತ್ಯಾಸ ನಾಲ್ಕು ಇಂಚಿಗೂ ಕಡಿಮೆ. ತ್ರಿಕೋನಗಳು ಮಂಗಳೂರಿನ ಕಡಲು ಮುಟ್ಟಿದಾಗ ಇನ್ನೊಂದು ಸಂಗತಿ ಬಯಲಾಯ್ತು. ಹಳೇ ನಕ್ಷೆಗಳು ಮದ್ರಾಸು–ಮಂಗಳೂರಿನ ನಡುವಿನ ನಾಡನ್ನು ಸುಮಾರು 40 ಮೈಲಿ ಹೆಚ್ಚು ಅಗಲ ತೋರಿಸಿದ್ವು. ಅಂದ್ರೆ ಮದ್ದೂರಿನಿಂದ ಮೈಸೂರಿಗಿರೋ ದೂರದಷ್ಟು ನೆಲ ಬರೀ ಕಾಗದದ ಮೇಲಿತ್ತು.

ಕೋನ ಅಳೆಯೋ ಥಿಯೋಡಲೈಟ್ ಅರ್ಧ ಟನ್ ತೂಕ. ಅದು ಇಂಗ್ಲೆಂಡಿನಿಂದ ಬರುವಾಗ ಫ್ರೆಂಚ್ ಹಡಗೊಂದು ಹಿಡಿದು ಮಾರಿಷಸ್‌ಗೆ ಒಯ್ದಿತ್ತು. ವಿಜ್ಞಾನದ ಸಾಧನ ಅಂತ ಗೊತ್ತಾದ ಮೇಲೆ ಅಲ್ಲಿನ ಗವರ್ನರ್ ಮರ್ಯಾದೆಯಿಂದ ವಾಪಸ್ ಕಳಿಸಿದ. ಈ ಭಾರವನ್ನು ಆಳುಗಳು ಹೆಗಲ ಮೇಲೆ ಹೊತ್ತು ಬೆಟ್ಟ ಹತ್ತಬೇಕು. ಸಾವನದುರ್ಗ, ಪಾವಗಡದಂಥ ಬಂಡೆಗಳನ್ನು ನೆನಪು ಮಾಡಿಕೊಳ್ಳಿ. ಬರಿಗೈಲಿ ಹತ್ತಿದರೇ ನಮಗೆ ಏದುಸಿರು ಬರುತ್ತೆ. ಕೆಳಗೆ ಅಡುಗೆ, ಆಳುಗಳು, ಎತ್ತುಗಳ ಬಿಡಾರ. ಮೇಲೆ ಉಪಕರಣದ ಡೇರೆ. ದೂರದ ಬೆಟ್ಟದ ಮೇಲೆ ಮುಂಚೆಯೇ ಹೋದವರು ಬಾವುಟ ನೆಟ್ಟಿರ್ತಾರೆ. ಅದು ಕಾಣೋವರೆಗೆ ಇಲ್ಲಿ ಕಾಯಬೇಕು. ಬೇಸಿಗೆಯ ಧೂಳಿನಲ್ಲಿ ಬಾವುಟ ಕಾಣಲ್ಲ. ಮಳೆ ಬಿದ್ದು ಗಾಳಿ ತೊಳೆದ ಮೇಲೇ ದೃಷ್ಟಿ ದೂರ ಹಾಯೋದು. ಹಾಗಾಗಿ ಎಲ್ಲರೂ ಸೂರಿನಡಿ ಸೇರೋ ಮಳೆಗಾಲದಲ್ಲೇ ಇವರು ಬಂಡೆಯ ಮೇಲೆ ಒದ್ದೆ ಬಟ್ಟೆಯಲ್ಲಿ ಕೂತಿರಬೇಕಿತ್ತು. ಬೆಂಗಳೂರಿನ ದೊಡ್ಡಗುಂಟದಲ್ಲಿ, ಈಗಿನ ಕಾಕ್ಸ್‌ಟೌನ್ ಹತ್ತಿರ, ನೆತ್ತಿಯ ಮೇಲಿನ ನಕ್ಷತ್ರಗಳ ಕೋನ ಅಳೆದು ಅಕ್ಷಾಂಶ ಹಿಡಿದದ್ದೂ ಇಂಥ ಬಿಡಾರದಲ್ಲೇ.

1808ರಲ್ಲಿ ತಂಜಾವೂರಿನಲ್ಲಿ ದೊಡ್ಡ ಅನಾಹುತ ಆಯ್ತು. ದೊಡ್ಡ ದೇವಸ್ಥಾನದ ಗೋಪುರಕ್ಕೆ ಥಿಯೋಡಲೈಟ್ ಏರಿಸುವಾಗ ಹಗ್ಗ ಹರಿದು ಅದು ಗೋಡೆಗೆ ಬಡಿಯಿತು. ಅಂಶಗಳನ್ನು ಕೊರೆದಿದ್ದ ಚಕ್ರವೇ ಸೊಟ್ಟಗಾಯ್ತು. ಬೇರೆ ಯಾರಾದ್ರೂ ಆಗಿದ್ರೆ ಗಂಟುಮೂಟೆ ಕಟ್ತಿದ್ರು. ಈತ ಒಂದು ಡೇರೆಯೊಳಗೆ ಸೇರಿ, ಮುಖ್ಯ ಕುಶಲಕರ್ಮಿಗಳನ್ನು ಬಿಟ್ಟು ಬೇರೆ ಯಾರನ್ನೂ ಒಳಗೆ ಬಿಡದೆ, ಹಲಗೆಯ ಮೇಲೆ ಸರಿಯಾದ ವೃತ್ತ ಕೊರೆದು, ಬೆಣೆ, ಸ್ಕ್ರೂ, ರಾಟೆಗಳಿಂದ ಆ ಚಕ್ರವನ್ನು ಚೂರುಚೂರೇ ಎಳೆದು ನೆಟ್ಟಗೆ ಮಾಡಿದ. ಆರು ವಾರ ಹಿಡೀತು. ಅದೇ ಸಾಧನದಿಂದ ಮತ್ತೆ ಕೆಲಸ ಸಾಗಿತು.

ಇಷ್ಟು ಓದಿದ ಮೇಲೆ ಆಹಾ ಎಂಥ ಸಾಹಸ ಅನ್ಸುತ್ತೆ, ಅಲ್ವಾ? ಆದರೆ ಆ ಬಿಡಾರದಲ್ಲಿ ಆತ ಒಬ್ಬನೇ ಇರಲಿಲ್ಲ. ಮದ್ರಾಸಿನ ಸರ್ವೇ ಶಾಲೆಯಲ್ಲಿ ಕಲಿತು ಬಂದ ಜೋಶುವಾ ಡಿ ಪೆನ್ನಿಂಗ್‌ನಂಥ ಸಹಾಯಕರ ಹೆಸರು ದಾಖಲೆಯಲ್ಲಿ ಉಳೀತು. ಬಾವುಟ ಹಿಡಿದು ವಾರಗಟ್ಟಲೆ ಬೆಟ್ಟದ ತುದಿಯಲ್ಲಿ ನಿಂತವರು, ಅರ್ಧ ಟನ್ ಹೊತ್ತವರು, ಸೌದೆ ಒಡೆದವರು, ಇವರ ಹೆಸರು ಉಳೀಲಿಲ್ಲ. 1819ರಲ್ಲಿ, ಸರ್ವೇಗೆ ಹೊಸದಾಗಿ ಸೇರಿದ್ದ ಜಾರ್ಜ್ ಎವರೆಸ್ಟ್ ಹೈದರಾಬಾದ್ ಸೀಮೆಯ ಕಾಡಿನಲ್ಲಿ ಮಳೆಗಾಲದಲ್ಲೇ ಬಿಡಾರ ಹೂಡಿದಾಗ ಜ್ವರ ಹಬ್ಬಿತು. ಸುಮಾರು ನೂರೈವತ್ತು ಜನರ ತಂಡವೇ ಮಲಗಿತು, ಹದಿನೈದು ಜನ ಸತ್ತರು. ಎವರೆಸ್ಟ್ ಚೇತರಿಸಿಕೊಳ್ಳಲು ಕೇಪ್‌ಗೆ ಹಡಗು ಹತ್ತಿದ. ಆಳುಗಳಿಗೆ ಯಾವ ಕೇಪ್ ಇತ್ತು? ನೆಲಕ್ಕೆ ಬಾಡಿಗೆ ಕೊಡದ ಮಾತ್ರಕ್ಕೆ ಬಿಡಾರ ಪುಕ್ಕಟೆ ಆಗಲ್ಲ. ಲೆಕ್ಕ ಬೇರೆ ಯಾರದೋ ಪುಸ್ತಕದಲ್ಲಿ ಬರೆದಿರುತ್ತೆ ಅಷ್ಟೇ.

ಊರಿನವರಿಗೂ ಇವರ ಮೇಲೆ ಅನುಮಾನ ಇತ್ತು. ಬೆಟ್ಟದ ಮೇಲೆ ಬಾವುಟ ಯಾಕೆ? ದುರ್ಬೀನಿನಲ್ಲಿ ಯಾರ ಮನೆಯಂಗಳ ನೋಡ್ತಾರೆ? ಅಳೆದ ಮೇಲೆ ಏನು ಮಾಡ್ತಾರೆ? ಈ ಕೊನೆಯ ಪ್ರಶ್ನೆಯನ್ನು ಮೌಢ್ಯ ಅಂತ ತಳ್ಳಿಹಾಕೋಕೆ ಆಗಲ್ಲ. ಲ್ಯಾಂಬ್ಟನ್‌ಗೆ ಬೇಕಾದದ್ದು ಭೂಮಿಯ ಆಕಾರ. ಕಂಪನಿಗೆ ಬೇಕಾದದ್ದು ಭೂಮಿ. ಆತ ಹಾಕಿಕೊಟ್ಟ ಚೌಕಟ್ಟಿನೊಳಗೆ ಮುಂದೆ ತಾಲೂಕು ಕೂತಿತು, ಊರು ಕೂತಿತು. ಕಂದಾಯದ ಅಳತೆಯವರು ಬಂದು ಒಂದೊಂದು ಹೊಲಕ್ಕೂ ಸರ್ವೇ ನಂಬರ್ ಕೊಟ್ಟರು. ನಂಬರಿಲ್ಲದ ನೆಲದ ಮೇಲೆ ಮಲಗಿ ಬದುಕಿದ ಮನುಷ್ಯನ ಕೆಲಸದಿಂದಲೇ, ನಂಬರಿಲ್ಲದ ನೆಲ ಅನ್ನೋದು ಇಲ್ಲದಂತಾಯ್ತು.

1815ರ ಹೊತ್ತಿಗೆ ಆತನ ತ್ರಿಕೋನಗಳು ಕನ್ಯಾಕುಮಾರಿಯಿಂದ ನಮ್ಮ ಬೀದರ್ ಬಳಿಯವರೆಗೆ, ಹತ್ತು ಡಿಗ್ರಿ ಹತ್ತಿರ, ಏರಿದ್ವು. ಲಂಡನ್ನಿನ ರಾಯಲ್ ಸೊಸೈಟಿ ಆತನನ್ನು ಸದಸ್ಯನನ್ನಾಗಿ ಮಾಡಿಕೊಂಡಿತು. 1818ರಲ್ಲಿ ಕೆಲಸಕ್ಕೆ ಮಹಾ ತ್ರಿಕೋನಮಿತಿ ಸರ್ವೇ ಅನ್ನೋ ಹೆಸರು ಬಂತು. ಅಳೆದ ನೆಲ 1,65,000 ಚದರ ಮೈಲಿ ದಾಟಿತ್ತು. ವಯಸ್ಸು ಎಪ್ಪತ್ತರ ಹತ್ತಿರ, ಎದೆಯಲ್ಲಿ ಕೆಮ್ಮು. ಆದರೂ ಹೈದರಾಬಾದಿನಿಂದ ನಾಗಪುರದ ಕಡೆಗೆ ಹೊಸ ಬಿಡಾರಕ್ಕೆ ಹೊರಟ. ದಾರಿಯಲ್ಲಿ, 1823ರ ಜನವರಿ 20ರಂದು, ಈಗಿನ ಮಹಾರಾಷ್ಟ್ರದ ಹಿಂಗನ್‌ಘಾಟ್‌ನಲ್ಲಿ ಪ್ರಾಣ ಬಿಟ್ಟ. ಸಮಾಧಿ ಅಲ್ಲೇ ಇದೆ. ಆತ ಬಿಟ್ಟ ಗೆರೆಯನ್ನು ಎವರೆಸ್ಟ್ ಹಿಮಾಲಯದ ತಪ್ಪಲಿಗೆ ಒಯ್ದ. 1865ರಲ್ಲಿ ಅತಿ ಎತ್ತರದ ಶಿಖರಕ್ಕೆ ಶಿಷ್ಯನ ಹೆಸರು ಬಂತು. ಗುರುವಿನ ಹೆಸರು ಹೊತ್ತ ಗುಡ್ಡ ನಮಗಂತೂ ಗೊತ್ತಿಲ್ಲ.

ಈಗ ನಮ್ಮ ಮಾತು. ಸಿವಿಲ್‌ನವರು ಸರ್ವೇ ಕ್ಯಾಂಪಿಗೆ ಹೋಗ್ತೀರಿ, ಉಳಿದವರು ಟ್ರೆಕ್ಕಿಂಗ್‌ಗೆ. ಕಾಡಾದರೆ ಅರಣ್ಯ ಇಲಾಖೆಯ ಅನುಮತಿ ಬೇಕು, ಅದು ಇರಬೇಕಾದ್ದೇ. ಊರ ಪಕ್ಕದ ಗೋಮಾಳ, ಗುಂಡುತೋಪು ಆದರೆ ಊರಿನವರನ್ನ ಒಂದು ಮಾತು ಕೇಳಿ. ಅಜ್ಜ, ಇಲ್ಲಿ ರಾತ್ರಿ ಇರಬಹುದಾ ಅಂತ ಕೇಳಿದ್ರೆ ನೀರೂ ಸಿಗುತ್ತೆ, ಹಾವಿನ ಹುತ್ತ ಎಲ್ಲಿದೆ ಅಂತಲೂ ಗೊತ್ತಾಗುತ್ತೆ. ಬೂದಿಗೆ ನೀರು ಹಾಕಿ, ಪ್ಲಾಸ್ಟಿಕ್ ವಾಪಸ್ ತನ್ನಿ. ಬೆಳಿಗ್ಗೆ ಆ ನೆಲಕ್ಕೆ ದನ ಬರಬೇಕು.

ಆದರೆ ಅಂಥ ನೆಲ ಎಷ್ಟು ದಿನ ಇರುತ್ತೆ? ಗೋಮಾಳಕ್ಕೆ ಬೇಲಿ ಬೀಳೋದನ್ನ, ತೋಪಿನ ಮರ ಒಂದೊಂದಾಗಿ ಮಾಯವಾಗೋದನ್ನ ನಾವೆಲ್ಲ ನಮ್ಮ ನಮ್ಮ ಊರಲ್ಲಿ ನೋಡಿದ್ದೀವಿ. ಒತ್ತುವರಿ ಬಿಡಿಸಬೇಕು ಅಂದಾಗ ಕೊನೆಗೆ ಬರಬೇಕಾದವನು ಸರ್ವೇಯರೇ. ಬಯಲನ್ನು ನಂಬರಿನೊಳಗೆ ಕೂಡಿಹಾಕಿದ ಅಳತೆಯೇ ಇವತ್ತು ಅದನ್ನ ಉಳಿಸೋ ಆಧಾರ. ನಾಳೆ ನಮ್ಮಲ್ಲಿ ಯಾರೋ ಒಬ್ಬರು ಟೋಟಲ್ ಸ್ಟೇಷನ್ ಹಿಡಿದು ಗೆಜ್ಜಲಗೆರೆಯಂಥ ಒಂದು ಊರಿನ ಅಂಚಿಗೆ ಹೋಗಿ ನಿಲ್ತೀವಿ. ಯಾರೂ ಕೇಳೋರಿಲ್ಲದ ಎರಡು ಎಕರೆ ಗುಂಡುತೋಪು ಅಲ್ಲಿರುತ್ತೆ. ಅದರ ಗಡಿಕಲ್ಲನ್ನು ಒಂದು ಅಡಿಯೂ ಒಳಗೆ ಸರಿಸದೆ ನೆಡೋದು ನಮ್ಮ ಕೈಲಿದೆ.