ಕಾಗದದ ಚೂರಲ್ಲೇ ಅಣುಬಾಂಬ್ ಅಳೆದ ಎನ್ರಿಕೊ ಫರ್ಮಿ: ಸೊನ್ನೆ ತಪ್ಪದ ಲೆಕ್ಕದ ಕಥೆ

1945ರ ಜುಲೈ 16. ಅಮೆರಿಕದ ನ್ಯೂ ಮೆಕ್ಸಿಕೊ ಮರುಭೂಮಿ. ಬೆಳಗಿನ ಜಾವ ಐದೂವರೆ ಹೊತ್ತಿಗೆ ಜಗತ್ತಿನ ಮೊದಲ ಅಣುಬಾಂಬ್ ಸಿಡಿಯಿತು. ಅಲ್ಲಿಂದ ಸುಮಾರು 16 ಕಿ.ಮೀ. ದೂರದ ಶಿಬಿರದಲ್ಲಿದ್ದ ಒಬ್ಬ ವಿಜ್ಞಾನಿ ಕೈಯಲ್ಲಿ ಕಾಗದದ ಚೂರು ಹಿಡಿದು ಕಾಯ್ತಾ ಇದ್ದರು. ಬೆಳಕು ಬಂದಾಗಿತ್ತು, ಗಾಳಿಯ ಹೊಡೆತ ಬರೋಕೆ ಸುಮಾರು 40 ಸೆಕೆಂಡ್ ಬೇಕಿತ್ತು. ಹೊಡೆತ ಬರುವ ಮುಂಚೆ, ಬರುವಾಗ, ಬಂದು ಹೋದ ಮೇಲೆ ಆಳೆತ್ತರದಿಂದ ಚೂರುಗಳನ್ನು ಕೆಳಗೆ ಬಿಟ್ಟರು. ಗಾಳಿ ಅವನ್ನು ಸುಮಾರು ಎರಡೂವರೆ ಮೀಟರ್ ಆಚೆಗೆ ತಳ್ಳಿತು. ಅಷ್ಟೇ ಸಾಕಾಯ್ತು. ಬಾಂಬ್‌ನ ಶಕ್ತಿ 10 ಸಾವಿರ ಟನ್ ಟಿಎನ್‌ಟಿ ಸ್ಫೋಟಕಕ್ಕೆ ಸಮ ಅಂತ ಅಂದಾಜು ಹಾಕಿದರು.

ಆ ವಿಜ್ಞಾನಿಯೇ ಎನ್ರಿಕೊ ಫರ್ಮಿ.

ಆಮೇಲೆ ಅಳತೆಗಳೆಲ್ಲ ಸೇರಿ ಬಂದ ಉತ್ತರ 20 ಸಾವಿರ ಟನ್ ಆಸುಪಾಸು. ಹಾಗಾದ್ರೆ ಫರ್ಮಿ ಅಂದಾಜು ಅರ್ಧಕ್ಕರ್ಧ ತಪ್ಪಲ್ವಾ ಅನ್ನಬಹುದು. ಆದರೆ ಬಾಂಬ್ ಒಂದು ಸಾವಿರ ಟನ್ನಿನದೋ ಒಂದು ಲಕ್ಷ ಟನ್ನಿನದೋ ಅನ್ನೋದೇ ಗೊತ್ತಿಲ್ಲದ ಹೊತ್ತಲ್ಲಿ ಅವರು ಸೊನ್ನೆ ತಪ್ಪಲಿಲ್ಲ. ಇದನ್ನೇ ವಿಜ್ಞಾನಿಗಳು ಆರ್ಡರ್ ಆಫ್ ಮ್ಯಾಗ್ನಿಟ್ಯೂಡ್ ಅಂತಾರೆ. ಅಂದರೆ, ಸಂಖ್ಯೆ ಹತ್ತರ ಎಷ್ಟನೇ ಮೆಟ್ಟಿಲಲ್ಲಿದೆ ಅನ್ನೋ ಅಂದಾಜು.

ಮೆಟ್ಟಿಲು ಒಂದೇ ಆದ್ರೂ ಅಂತರ ಸಣ್ಣದಲ್ಲ. 10 ಲಕ್ಷ ಸೆಕೆಂಡ್ ಅಂದರೆ ಹನ್ನೊಂದೂವರೆ ದಿನ. 1 ಕೋಟಿ ಸೆಕೆಂಡ್ ಅಂದರೆ ನಾಲ್ಕು ತಿಂಗಳಿಗೆ ಸ್ವಲ್ಪ ಕಡಿಮೆ. 100 ಕೋಟಿ ಸೆಕೆಂಡ್ ಅಂದರೆ ಹತ್ತಿರ ಹತ್ತಿರ 32 ವರ್ಷ. ಬಾಯಲ್ಲಿ ಹೇಳುವಾಗ ಎಲ್ಲವೂ ದೊಡ್ಡ ಸಂಖ್ಯೆಯೇ, ಬದುಕಲ್ಲಿ ನೋಡಿದರೆ ಒಂದು ರಜೆ, ಇನ್ನೊಂದು ಅರ್ಧ ಆಯಸ್ಸು.

ಅಣ್ಣನ ಸಾವು, ಹಳೇ ಪುಸ್ತಕ

ಫರ್ಮಿ ಹುಟ್ಟಿದ್ದು 1901ರ ಸೆಪ್ಟೆಂಬರ್ 29ರಂದು, ಇಟಲಿಯ ರೋಮ್‌ನಲ್ಲಿ. ಅಪ್ಪ ರೈಲ್ವೆ ಇಲಾಖೆ ನೌಕರ, ಅಮ್ಮ ಶಾಲಾ ಶಿಕ್ಷಕಿ. ಅಣ್ಣ ಜೂಲಿಯೊ ಅಂದರೆ ಎನ್ರಿಕೊಗೆ ಪ್ರಾಣ. ಇಬ್ಬರೂ ಸೇರಿ ಮೋಟಾರು, ಆಟಿಕೆ ಮಾಡ್ತಾ ಇದ್ದರು. 1915ರಲ್ಲಿ ಗಂಟಲಿನ ಕೀವುಗುಳ್ಳೆಯ ಶಸ್ತ್ರಚಿಕಿತ್ಸೆ ವೇಳೆ ಅಣ್ಣ ತೀರಿಕೊಂಡ. ಆಗ ತಮ್ಮನಿಗೆ 13 ವರ್ಷ. ಅಮ್ಮ ಆ ದುಃಖದಿಂದ ಹೊರಗೆ ಬರಲೇ ಇಲ್ಲ. ಹುಡುಗ ಪುಸ್ತಕದೊಳಗೆ ಮುಳುಗಿದ. ರೋಮ್‌ನ ಕಾಂಪೊ ದೆ ಫಿಯೊರಿ ಸಂತೆಯಲ್ಲಿ ಸಿಕ್ಕಿದ, 1840ರಲ್ಲಿ ಲ್ಯಾಟಿನ್‌ನಲ್ಲಿ ಅಚ್ಚಾದ ಭೌತಶಾಸ್ತ್ರದ ಎರಡು ಸಂಪುಟಗಳನ್ನು ಓದಿ ಮುಗಿಸಿದ.

1918ರಲ್ಲಿ ಪೀಸಾದ ಸ್ಕೂಲಾ ನಾರ್ಮಾಲೆ ಸಂಸ್ಥೆಗೆ ಪ್ರವೇಶ ಪರೀಕ್ಷೆ ಬರೆದಾಗ, ಶಬ್ದದ ಬಗ್ಗೆ ಅವರು ಬರೆದ ಉತ್ತರ ನೋಡಿ ಪರೀಕ್ಷಕರೇ ದಂಗಾದರು. 1926ರಲ್ಲಿ ರೋಮ್ ವಿಶ್ವವಿದ್ಯಾಲಯದ ಪ್ರಾಧ್ಯಾಪಕರಾದಾಗ ಅವರಿಗೆ ಇನ್ನೂ 25 ಆಸುಪಾಸು. 1934ರಲ್ಲಿ ಫರ್ಮಿ ಮತ್ತು ಅವರ ಹುಡುಗರ ತಂಡ ಕಂಡುಕೊಂಡಿದ್ದು ಇದು: ನ್ಯೂಟ್ರಾನ್ ಕಣಗಳನ್ನು ಮೇಣದ ಮೂಲಕ ಹಾಯಿಸಿ ನಿಧಾನ ಮಾಡಿದರೆ, ಪರಮಾಣುಗಳ ಮೇಲೆ ಅವು ಮಾಡುವ ಕೆಲಸ ಹಲವು ಪಟ್ಟು ಹೆಚ್ಚುತ್ತೆ.

1938ರಲ್ಲಿ ನೊಬೆಲ್ ಬಂತು. ಅದೇ ವರ್ಷ ಮುಸೊಲಿನಿ ಸರ್ಕಾರ ಯಹೂದಿಗಳ ವಿರುದ್ಧ ಕಾನೂನು ತಂದಿತ್ತು. ಫರ್ಮಿ ಹೆಂಡತಿ ಲೌರಾ ಯಹೂದಿ. ಪ್ರಶಸ್ತಿ ತಗೊಳ್ಳೋಕೆ ಸ್ಟಾಕ್‌ಹೋಮ್‌ಗೆ ಹೊರಟ ಕುಟುಂಬ ವಾಪಸ್ ಹೋಗಲಿಲ್ಲ. 1939ರ ಜನವರಿ 2ಕ್ಕೆ ನ್ಯೂಯಾರ್ಕ್‌ನಲ್ಲಿ ಇಳಿದರು.

ಅಷ್ಟರಲ್ಲೇ ಒಂದು ಪೇಚು ಹೊರಬಿತ್ತು. ಯುರೇನಿಯಂಗೆ ನ್ಯೂಟ್ರಾನ್ ಹೊಡೆದು ಹೊಸ ಧಾತು ಕಂಡೆವು ಅಂತ ಫರ್ಮಿ ತಂಡ ಅಂದುಕೊಂಡಿತ್ತು. ನಿಜವಾಗಿ ಅಲ್ಲಿ ಪರಮಾಣುವೇ ಒಡೆದು ಹೋಳಾಗಿತ್ತು. ಬರ್ಲಿನ್‌ನ ಹಾನ್ ಮತ್ತು ಸ್ಟ್ರಾಸ್‌ಮನ್ ಪ್ರಯೋಗದಿಂದ ಅದು ಬಯಲಾಯ್ತು.

ಅರ್ಧ ವಾಟ್‌ನಿಂದ ಕೈಗಾವರೆಗೆ

1942ರ ಡಿಸೆಂಬರ್ 2ರಂದು ಷಿಕಾಗೊ ವಿಶ್ವವಿದ್ಯಾಲಯದ ಆಟದ ಮೈದಾನದ ಗ್ಯಾಲರಿ ಕೆಳಗೆ, ಗ್ರಾಫೈಟ್ ಇಟ್ಟಿಗೆಗಳ 57 ಪದರದ ರಾಶಿಯಲ್ಲಿ ಫರ್ಮಿ ತಂಡ ಮೊದಲ ಸರಣಿ ಕ್ರಿಯೆ ನಡೆಸಿತು. ಹೊರಬಂದ ಶಕ್ತಿ ಬರೀ ಅರ್ಧ ವಾಟ್. ಇವತ್ತಿನ 9 ವಾಟ್ ಎಲ್‌ಇಡಿ ಬಲ್ಬ್ ಉರಿಸೋಕೂ ಸಾಲದು. ಉತ್ತರ ಕನ್ನಡದ ಕೈಗಾ ಅಣು ವಿದ್ಯುತ್ ಕೇಂದ್ರದ ಒಂದೊಂದು ಘಟಕದ ಸಾಮರ್ಥ್ಯ 220 ಮೆಗಾವಾಟ್, ಅಂದರೆ 22 ಕೋಟಿ ವಾಟ್. ಎರಡರ ಹಿಂದೆಯೂ ಇರೋದು ಅದೇ ಸರಣಿ ಕ್ರಿಯೆ. ನಡುವೆ ಇರೋದು ಎಂಟಕ್ಕೂ ಹೆಚ್ಚು ಸೊನ್ನೆಗಳ ದೂರ.

ಯುದ್ಧ ಮುಗಿದ ಮೇಲೆ ಷಿಕಾಗೊದಲ್ಲಿ ಪಾಠ ಮಾಡುವಾಗ ಫರ್ಮಿ ವಿದ್ಯಾರ್ಥಿಗಳಿಗೆ ಇಂಥದ್ದೇ ಲೆಕ್ಕ ಕೊಡ್ತಿದ್ದರು. ಷಿಕಾಗೊದಲ್ಲಿ ಪಿಯಾನೊ ಶ್ರುತಿ ಮಾಡುವವರು ಎಷ್ಟು ಜನ? ಪುಸ್ತಕದಲ್ಲಿ ಉತ್ತರ ಇಲ್ಲ, ಆದರೂ ಹಾದಿ ಇದೆ. ಊರಿನ ಜನ ಸುಮಾರು 30 ಲಕ್ಷ. ಮನೆಗೆ ನಾಲ್ವರಂತೆ ಏಳೂವರೆ ಲಕ್ಷ ಮನೆ. 20 ಮನೆಗೊಂದು ಪಿಯಾನೊ ಅಂದರೆ ಸುಮಾರು 40 ಸಾವಿರ. ವರ್ಷಕ್ಕೊಮ್ಮೆ ಶ್ರುತಿ. ಒಬ್ಬ ದಿನಕ್ಕೆ ನಾಲ್ಕರಂತೆ ವರ್ಷಕ್ಕೆ ಸಾವಿರ ಮಾಡಬಹುದು. ಉತ್ತರ ಸುಮಾರು 40 ಜನ. ಅದು 25 ಇರಬಹುದು, 80 ಇರಬಹುದು. ನಾಲ್ಕಂತೂ ಅಲ್ಲ, ನಾಲ್ಕು ಸಾವಿರವೂ ಅಲ್ಲ. ಒಂದು ಊಹೆ ಜಾಸ್ತಿಯಾದರೆ ಇನ್ನೊಂದು ಕಡಿಮೆಯಾಗಿ ಸರಿದೂಗುತ್ತೆ.

ಈ ಲೆಕ್ಕ ನಮಗೂ ಬರುತ್ತೆ. ರಾಜ್ಯಕ್ಕೆ ಸಾವಿರ ಕೋಟಿ ರೂಪಾಯಿ ಯೋಜನೆ ಅಂದಾಗ ಕಿವಿ ನಿಮಿರುತ್ತೆ. 2011ರ ಜನಗಣತಿ ಪ್ರಕಾರ ರಾಜ್ಯದ ಜನಸಂಖ್ಯೆ 6.11 ಕೋಟಿ. ಹಂಚಿದರೆ ತಲೆಗೆ 164 ರೂಪಾಯಿ.

ಸೊನ್ನೆಗೆ ಹೆದರಿದ ದಿನ

ಫರ್ಮಿ ಬದುಕಿನ ಕಷ್ಟದ ಲೆಕ್ಕ ಬೇರೆ ಇತ್ತು. 1945ರ ಜೂನ್‌ನಲ್ಲಿ ಅಮೆರಿಕ ಸರ್ಕಾರ ಸಲಹೆ ಕೇಳಿದ ನಾಲ್ವರು ವಿಜ್ಞಾನಿಗಳಲ್ಲಿ ಅವರೂ ಒಬ್ಬರು. ಬಾಂಬ್ ಅನ್ನು ನೇರವಾಗಿ ಯುದ್ಧದಲ್ಲಿ ಬಳಸದೆ ಬೇರೆ ದಾರಿ ಕಾಣಲ್ಲ ಅಂತ ಆ ಸಮಿತಿ ಹೇಳಿತು. ಆಗಸ್ಟ್ 6ಕ್ಕೆ ಹಿರೋಷಿಮಾ ಸುಟ್ಟುಹೋಯ್ತು. ವರ್ಷದ ಕೊನೆ ಹೊತ್ತಿಗೆ ಅಲ್ಲಿ ಸತ್ತವರು ಸುಮಾರು 1 ಲಕ್ಷ 40 ಸಾವಿರ.

1949ರಲ್ಲಿ ಹೈಡ್ರೋಜನ್ ಬಾಂಬ್ ಮಾಡಬೇಕಾ ಅನ್ನೋ ಪ್ರಶ್ನೆ ಬಂದಾಗ ಫರ್ಮಿ ಮತ್ತು ಇಸಿಡೊರ್ ರಾಬಿ ಬೇಡ ಅಂತ ಬರೆದುಕೊಟ್ಟರು. ಇದರ ನಾಶಕ್ಕೆ ಮಿತಿಯೇ ಇಲ್ಲ, ಯಾವ ಕಡೆಯಿಂದ ನೋಡಿದರೂ ಇದು ಕೆಡುಕು ಅನ್ನೋದು ಅವರ ವಾದ. ಸರ್ಕಾರ ಕೇಳಲಿಲ್ಲ. ತೀರ್ಮಾನ ಆದ ಮೇಲೆ ಫರ್ಮಿಯೇ ಅದರ ಲೆಕ್ಕದಲ್ಲೂ ಕೈಜೋಡಿಸಿದರು. 1952ರ ನವೆಂಬರ್ 1ರಂದು ಪೆಸಿಫಿಕ್ ದ್ವೀಪದಲ್ಲಿ ಸಿಡಿದ ಸಾಧನದ ಶಕ್ತಿ ಸುಮಾರು 1 ಕೋಟಿ ಟನ್. ಮರುಭೂಮಿಯಲ್ಲಿ ಕಾಗದದ ಚೂರು ಹೇಳಿದ 10 ಸಾವಿರಕ್ಕೆ ಮೂರು ಸೊನ್ನೆ ಸೇರಿತ್ತು. ನಡುವೆ ಕಳೆದಿದ್ದು ಏಳೇ ವರ್ಷ.

1954ರಲ್ಲಿ ಫರ್ಮಿಗೆ ಹೊಟ್ಟೆಯ ಕ್ಯಾನ್ಸರ್. ಉಳಿಯಲ್ಲ ಅಂತ ಗೊತ್ತಿತ್ತು. ಗೆಳೆಯ ಎಮಿಲಿಯೊ ಸೆಗ್ರೆ ಆಸ್ಪತ್ರೆಗೆ ಹೋದಾಗ ಫರ್ಮಿ ಕೈಯಲ್ಲಿ ಸ್ಟಾಪ್‌ವಾಚ್ ಇತ್ತು. ನಳಿಕೆಯಲ್ಲಿ ಬೀಳುತ್ತಿದ್ದ ದ್ರವಾಹಾರದ ಹನಿ ಎಣಿಸಿ, ಎಷ್ಟು ಹೋಗ್ತಿದೆ ಅಂತ ಲೆಕ್ಕ ಹಾಕ್ತಾ ಇದ್ದರು. ನವೆಂಬರ್ 28ರಂದು ತೀರಿಕೊಂಡರು. ವಯಸ್ಸು 53.

ಪರಮಾಣುವಿನ ಗರ್ಭದೊಳಗಿನ ಅಳತೆಗೆ ಈಗ ಫರ್ಮಿ ಅನ್ನೋ ಹೆಸರಿದೆ. 1ರ ಮುಂದೆ 15 ಸೊನ್ನೆ ಬರೆದು, ಒಂದು ಮೀಟರನ್ನು ಅಷ್ಟು ಪಾಲು ಮಾಡಿದರೆ ಸಿಗುವ ಒಂದೇ ಒಂದು ಪಾಲು ಅದು.