ಡೇನಿಯಲ್ ಗೇಬ್ರಿಯಲ್ ಫ್ಯಾರನ್‌ಹೀಟ್

ಡೇನಿಯಲ್ ಗೇಬ್ರಿಯಲ್ ಫ್ಯಾರನ್‌ಹೀಟ್ (ಮೇ 24, 1686 – ಸೆಪ್ಟೆಂಬರ್ 16, 1736) ಒಬ್ಬ ಭೌತವಿಜ್ಞಾನಿ ಹಾಗೂ ವೈಜ್ಞಾನಿಕ ಉಪಕರಣಗಳ ತಯಾರಕ. ವಿಶ್ವಾಸಾರ್ಹವಾದ ಪಾದರಸದ ಉಷ್ಣತಾಮಾಪಕವನ್ನು ರೂಪಿಸಿದ ಕೀರ್ತಿ ಈತನದು. ಈತನ ಹೆಸರನ್ನು ಹೊತ್ತ ಉಷ್ಣತಾಮಾನವು ಅಮೆರಿಕದ ಹವಾಮಾನ ವರದಿಗಳಲ್ಲಿಯೂ ಭಾರತದ ಮನೆಗಳ ಜ್ವರಮಾಪಕಗಳಲ್ಲಿಯೂ ಇಂದಿಗೂ ಬಳಕೆಯಲ್ಲಿದೆ.

ಆರಂಭಿಕ ಜೀವನ

ಫ್ಯಾರನ್‌ಹೀಟ್ ಜನಿಸಿದ್ದು ಬಾಲ್ಟಿಕ್ ಸಮುದ್ರತೀರದ ಡಾನ್‌ಜಿಗ್ ನಗರದಲ್ಲಿ (ಇಂದಿನ ಪೋಲೆಂಡಿನ ಗ್ಡಾನ್ಸ್ಕ್). 1701ರ ಆಗಸ್ಟ್ ತಿಂಗಳಿನಲ್ಲಿ ವಿಷಪೂರಿತ ಅಣಬೆಯನ್ನು ಸೇವಿಸಿ ತಂದೆ ತಾಯಿ ಇಬ್ಬರೂ ಒಂದೇ ದಿನ ಮೃತಪಟ್ಟರು. ಹದಿನೈದರ ಹರೆಯದ ಬಾಲಕನನ್ನು ಪಾಲಕರು ವ್ಯಾಪಾರ ಕಲಿಯಲು ಆಮ್‌ಸ್ಟರ್‌ಡ್ಯಾಮಿಗೆ ಕಳುಹಿಸಿದರು. ಅಲ್ಲಿ ಆತನ ಮನಸ್ಸು ವ್ಯಾಪಾರಕ್ಕಿಂತ ಉಪಕರಣಗಳ ಕಡೆಗೆ ಹರಿಯಿತು. ಪ್ರಯೋಗಗಳಿಗಾಗಿ ಸಾಲ ಮಾಡಿದಾಗ ಪಾಲಕರು ಆತನನ್ನು ಬಂಧಿಸಿ ಡಚ್ ಈಸ್ಟ್ ಇಂಡಿಯಾ ಕಂಪನಿಯ ಹಡಗಿನಲ್ಲಿ ಪೂರ್ವದೇಶಗಳಿಗೆ ಅಟ್ಟಲು ಮುಂದಾದರು. 1707ರಿಂದ ಹಲವು ವರ್ಷ ಈತ ಜರ್ಮನಿ, ಡೆನ್ಮಾರ್ಕ್ ಮೊದಲಾದ ದೇಶಗಳಲ್ಲಿ ಸಂಚರಿಸುತ್ತ ವಿಜ್ಞಾನಿಗಳನ್ನೂ ಕುಶಲಕರ್ಮಿಗಳನ್ನೂ ಕಂಡನು.

ಉಷ್ಣತಾಮಾನದ ರಚನೆ

1708ರಲ್ಲಿ ಕೋಪನ್‌ಹೇಗನ್ನಿನಲ್ಲಿ ಖಗೋಳಜ್ಞ ಓಲೆ ರೋಮರ್‌ನನ್ನು ಭೇಟಿಯಾದದ್ದು ನಿರ್ಣಾಯಕವಾಯಿತು. ರೋಮರ್‌ನ ಮಾನದಲ್ಲಿ ನೀರು ಹೆಪ್ಪುಗಟ್ಟುವ ಬಿಂದು 7.5, ದೇಹದ ಶಾಖ 22.5 ಆಗಿದ್ದವು. ಭಿನ್ನರಾಶಿಗಳನ್ನು ನಿವಾರಿಸಲು ಫ್ಯಾರನ್‌ಹೀಟ್ ಇವನ್ನು ನಾಲ್ಕರಿಂದ ಗುಣಿಸಿ 30 ಮತ್ತು 90 ಎಂದಿಟ್ಟು, ಮುಂದೆ 32 ಮತ್ತು 96ಕ್ಕೆ ಬದಲಾಯಿಸಿದನು. ಇವುಗಳ ನಡುವಿನ 64 ಭಾಗಗಳನ್ನು ಪದೇ ಪದೇ ಅರ್ಧಿಸುತ್ತ ಗೆರೆಗಳನ್ನು ಗುರುತಿಸುವುದು ಸುಲಭ. ಮಂಜುಗಡ್ಡೆ, ನೀರು ಮತ್ತು ನವಸಾಗರದ ಮಿಶ್ರಣದ ಶೈತ್ಯವೇ ಸೊನ್ನೆ.

ಆ ಕಾಲದಲ್ಲಿ ಒಬ್ಬರ ಮಾಪಕದ ಅಳತೆ ಇನ್ನೊಬ್ಬರದಕ್ಕೆ ಹೊಂದುತ್ತಿರಲಿಲ್ಲ. 1714ರಲ್ಲಿ ಈತ ತಯಾರಿಸಿದ ಎರಡು ಮಾಪಕಗಳು ಒಂದೇ ಅಳತೆ ತೋರಿಸಿದ್ದು ಹಾಲೆಯ ವಿದ್ವಾಂಸ ಕ್ರಿಶ್ಚಿಯನ್ ವೋಲ್ಫ್‌ನನ್ನು ಬೆರಗುಗೊಳಿಸಿತು. ಈತ 1717ರಲ್ಲಿ ಆಮ್‌ಸ್ಟರ್‌ಡ್ಯಾಮಿನಲ್ಲಿ ನೆಲೆಸಿದನು. ವಾಯುಭಾರದೊಂದಿಗೆ ನೀರಿನ ಕುದಿಬಿಂದು ಬದಲಾಗುವುದನ್ನು ಅಳೆದನು. 1724ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯ ಸದಸ್ಯನಾದನು.

ನಿಧನ

ನೀರೆತ್ತುವ ಯಂತ್ರವೊಂದರ ಹಕ್ಕುಪತ್ರಕ್ಕಾಗಿ ಹೇಗ್ ನಗರಕ್ಕೆ ಹೋಗಿದ್ದಾಗ ಕಾಯಿಲೆಬಿದ್ದು, ಐವತ್ತನೆಯ ವಯಸ್ಸಿನಲ್ಲಿ ತೀರಿಕೊಂಡನು. ಬಡವರಿಗೆ ಸಲ್ಲುವ ಸರಳ ರೀತಿಯಲ್ಲಿ ಅಂತ್ಯಕ್ರಿಯೆ ನಡೆಯಿತು.

ಸೆಲ್ಸಿಯಸ್ ಮಾನದೊಂದಿಗೆ ಸಂಬಂಧ

ಫ್ಯಾರನ್‌ಹೀಟ್‌ನ ಮರಣದ ಆರು ವರ್ಷಗಳ ನಂತರ, 1742ರಲ್ಲಿ, ಸ್ವೀಡನ್ನಿನ ಆಂಡರ್ಸ್ ಸೆಲ್ಸಿಯಸ್ ನೂರು ಭಾಗಗಳ ಮಾನವನ್ನು ಮಂಡಿಸಿದನು. ಅದರಲ್ಲಿ ಕುದಿಬಿಂದು 0, ಹಿಮಬಿಂದು 100 ಆಗಿದ್ದು, ಅನಂತರ ಈ ಕ್ರಮ ತಿರುಗುಮುರುಗಾಯಿತು. ಹಿಮಬಿಂದುವಿನಿಂದ ಕುದಿಬಿಂದುವಿಗೆ ಸೆಲ್ಸಿಯಸ್‌ನಲ್ಲಿ 100 ಭಾಗಗಳಿದ್ದರೆ ಫ್ಯಾರನ್‌ಹೀಟ್‌ನಲ್ಲಿ 32ರಿಂದ 212ರವರೆಗೆ 180 ಭಾಗಗಳಿವೆ. ಆದ್ದರಿಂದ ಸೆಲ್ಸಿಯಸ್ ಅಂಕಿಯನ್ನು 9ರಿಂದ ಗುಣಿಸಿ, 5ರಿಂದ ಭಾಗಿಸಿ, 32 ಕೂಡಿಸಿದರೆ ಫ್ಯಾರನ್‌ಹೀಟ್ ದೊರೆಯುತ್ತದೆ. ಹಿಂದಕ್ಕೆ ತಿರುಗಿಸಲು 32 ಕಳೆದು, 5ರಿಂದ ಗುಣಿಸಿ, 9ರಿಂದ ಭಾಗಿಸಬೇಕು. ಬಾಯಿಲೆಕ್ಕಕ್ಕೆ ಸುಲಭ ಮಾರ್ಗವೆಂದರೆ ಸೆಲ್ಸಿಯಸ್ ಅಂಕಿಯನ್ನು ಇಮ್ಮಡಿಸಿ, ಬಂದದ್ದರಲ್ಲಿ ಹತ್ತನೆಯ ಒಂದು ಭಾಗ ಕಳೆದು, 32 ಕೂಡಿಸುವುದು. ಉದಾಹರಣೆಗೆ 40ರ ಇಮ್ಮಡಿ 80. 8 ಕಳೆದರೆ 72. 32 ಕೂಡಿಸಿದರೆ 104. ಉಷ್ಣತೆಯ ಏರಿಳಿತವನ್ನಷ್ಟೇ ಪರಿವರ್ತಿಸುವಾಗ 32 ಕೂಡಿಸಬಾರದು. 5 ಡಿಗ್ರಿ ಸೆಲ್ಸಿಯಸ್ ಏರಿಕೆಯು 9 ಡಿಗ್ರಿ ಫ್ಯಾರನ್‌ಹೀಟ್ ಏರಿಕೆಗೆ ಸಮ.

ಕರ್ನಾಟಕದಲ್ಲಿ ಬಳಕೆ

ಇಂದಿನ ವಿಜಯನಗರ ಜಿಲ್ಲೆಯ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹೂವಿನ ಹಡಗಲಿ ಮತ್ತು ಹರಪನಹಳ್ಳಿ ಪ್ರದೇಶಗಳು ಬ್ರಿಟಿಷರ ಕಾಲದಲ್ಲಿ ಮದ್ರಾಸ್ ಪ್ರಾಂತ್ಯದ ಬಳ್ಳಾರಿ ಜಿಲ್ಲೆಗೆ ಸೇರಿದ್ದವು. ಆಗಿನ ದಾಖಲೆಗಳಲ್ಲಿ ಬಿಸಿಲಿನ ಅಳತೆ ಫ್ಯಾರನ್‌ಹೀಟ್‌ನಲ್ಲಿರುತ್ತಿತ್ತು. 1956ರ ತೂಕ ಮತ್ತು ಅಳತೆಗಳ ಕಾಯಿದೆಯ ಬಳಿಕ ಮೆಟ್ರಿಕ್ ಪದ್ಧತಿ ನೆಲೆಯೂರಿ ಹವಾಮಾನ ವರದಿ ಸೆಲ್ಸಿಯಸ್‌ಗೆ ಬದಲಾಯಿತು. ಜ್ವರದ ಅಳತೆ ಮಾತ್ರ ಬಹುಪಾಲು ಫ್ಯಾರನ್‌ಹೀಟ್‌ನಲ್ಲಿಯೇ ಉಳಿಯಿತು. ಹೀಗಾಗಿ ಬೇಸಿಗೆಯಲ್ಲಿ ಈ ಬಯಲುಸೀಮೆಯ ಬಿಸಿಲು 40 ಡಿಗ್ರಿ ಮುಟ್ಟಿತೆಂಬ ಸುದ್ದಿಯೂ ರೋಗಿಗೆ 104 ಡಿಗ್ರಿ ಜ್ವರವೆಂಬ ವೈದ್ಯರ ಮಾತೂ ಒಂದೇ ಉಷ್ಣತೆಯನ್ನು ಸೂಚಿಸುತ್ತವೆ. ಈಗಿನ ಡಿಜಿಟಲ್ ಜ್ವರಮಾಪಕಗಳಲ್ಲಿ ಹಲವು ಎರಡೂ ಮಾನಗಳನ್ನು ತೋರಿಸಬಲ್ಲವು. 98.6ಕ್ಕೆ ಒಗ್ಗಿಕೊಂಡವರಿಗೆ 39 ಎಂಬುದು ಸಣ್ಣ ಅಂಕಿಯಾಗಿ ಕಂಡರೂ ಅದು 102.2 ಡಿಗ್ರಿ ಫ್ಯಾರನ್‌ಹೀಟ್ ಜ್ವರ. ಆದುದರಿಂದ ಜ್ವರವನ್ನು ವೈದ್ಯರಿಗೆ ತಿಳಿಸುವಾಗ ಅಂಕಿಯ ಜೊತೆಗೆ ಮಾನದ ಹೆಸರನ್ನೂ ಹೇಳುವುದು ಅಗತ್ಯ.